ತಲೆ ಮುಂದೆ, ಕೈ ಹಿಂದೆ: ಶಾಣ್ಯಾ ಮಗುವಿನ ಅಸಮ ಬೆಳವಣಿಗೆಯ ಚರಿತ್ರೆ

ಅಂದೋಲಾ, ಜೇವರ್ಗಿ, ಆಳಂದ, ಅಫಜಲಪುರ ಕಡೆಯ ಊರುಗಳಲ್ಲಿ ಶಾಲೆಯ ಮಾತು ಬಂದರೆ ಈ ಮಾತು ಕೇಳಿಬರುತ್ತದೆ: "ಹುಡುಗ ಭಾಳ ಶಾಣ್ಯಾ ಅದಾನ್ರಿ, ಆದ್ರ ಬರೀಲಿಕ್ಕೆ ಕುಂತ್ರ ಅಳ್ತಾನ." ಮನೆಯಲ್ಲಿ ತಾಯಿ ಅದನ್ನೇ ಇನ್ನೊಂದು ರೀತಿ ಹೇಳುತ್ತಾಳೆ: "ದೊಡ್ಡವರಂಗ ಮಾತಾಡ್ತಾನ, ಸಣ್ಣದಕ್ಕ ಹಠ ಮಾಡ್ತಾನ."

ಅಂಥ ಮಗು ನಿಮ್ಮ ಓಣಿಯಲ್ಲೂ ಇರಬಹುದು. ಎರಡನೇ ತರಗತಿಯಲ್ಲಿದ್ದಾಗಲೇ ಗ್ರಹಣ ಯಾಕೆ ಹಿಡಿಯುತ್ತದೆ ಎಂದು ಬಿಡಿಸಿ ಹೇಳುತ್ತದೆ. ಸಂತೆಯ ಲೆಕ್ಕ ಬಾಯಲ್ಲೇ ಮುಗಿಸುತ್ತದೆ. ಅದೇ ಮಗುವಿಗೆ ನಾಲ್ಕು ಸಾಲು ಬರೆಯಲು ಅರ್ಧ ತಾಸು ಬೇಕು. ಆಟದಲ್ಲಿ ಔಟ್ ಆದರೆ ಮೂರು ವರ್ಷದ ಕೂಸಿನಂತೆ ನೆಲಕ್ಕೆ ಬಿದ್ದು ಹೊರಳುತ್ತದೆ.

ನಾವು ದೊಡ್ಡವರು ಇದಕ್ಕೆ ಬೇಗ ಒಂದು ಹೆಸರು ಇಡುತ್ತೇವೆ. ಸೋಮಾರಿ ಅನ್ನುತ್ತೇವೆ, ಇಲ್ಲವೇ ಸೊಕ್ಕು ಅನ್ನುತ್ತೇವೆ. ಮಗು ತನಗೆ ತಾನೇ ಇಟ್ಟುಕೊಳ್ಳುವ ಹೆಸರು ಇನ್ನೂ ಕೆಟ್ಟದ್ದು: "ನನಗ ಏನೂ ಬರಂಗಿಲ್ಲ." ಈ ಮಾತು ಗಟ್ಟಿಯಾದರೆ ಮಗು ಪ್ರಶ್ನೆ ಕೇಳುವುದನ್ನು ಬಿಡುತ್ತದೆ. ಬರೆಯುವ ಕೆಲಸ ಬಂದ ದಿನ ಹೊಟ್ಟೆನೋವು ಅನ್ನುತ್ತದೆ. ಶಾಣ್ಯಾತನ ಎಲ್ಲಿಗೂ ಹೋಗಿರುವುದಿಲ್ಲ, ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಥ ಮಗುವಿಗೆ "ಅಳಬ್ಯಾಡ, ಎಲ್ಲಾ ಸರಿ ಆಗ್ತದ" ಎಂದರೆ ಸಾಲದು. ಅದು ಪುರಾವೆ ಕೇಳುತ್ತದೆ. ಪುರಾವೆ ನಮ್ಮ ಹತ್ತಿರ ಇದೆ, ಅದಕ್ಕೊಂದು ಚರಿತ್ರೆಯೂ ಇದೆ. ಆ ಚರಿತ್ರೆಯನ್ನೇ ಮಗುವಿಗೆ ಕಥೆಯಾಗಿ ಹೇಳಬಹುದು ಎಂಬುದು ನಮ್ಮ ಅನಿಸಿಕೆ.

ಮಗನ ಎತ್ತರ ಬರೆದಿಟ್ಟ ಅಪ್ಪ

ಕಥೆ ಶುರುವಾಗುವುದು 1759ರಲ್ಲಿ, ಫ್ರಾನ್ಸ್ ದೇಶದಲ್ಲಿ. ಮೊಂಬೆಯಾರ್ ಎಂಬ ಶ್ರೀಮಂತನಿಗೆ ಆ ವರ್ಷ ಗಂಡುಮಗು ಹುಟ್ಟಿತು. ಅವನು ಸುಮಾರು ಆರು ತಿಂಗಳಿಗೊಮ್ಮೆ ಮಗನ ಎತ್ತರ ಅಳೆದು ಬರೆದಿಟ್ಟ. ಹೀಗೆ 1777ರವರೆಗೆ, ಹದಿನೆಂಟು ವರ್ಷ ನಡೆಯಿತು. ಅವನ ಗೆಳೆಯ, ಪ್ರಸಿದ್ಧ ಪ್ರಕೃತಿ ವಿಜ್ಞಾನಿ ಬುಫಾನ್, ಆ ಲೆಕ್ಕವನ್ನು ತನ್ನ ಗ್ರಂಥದಲ್ಲಿ ಅಚ್ಚು ಹಾಕಿಸಿದ. ಒಂದೇ ಮಗುವನ್ನು ಇಷ್ಟು ವರ್ಷ ಬಿಡದೆ ಅಳೆದ ಅತಿ ಹಳೆಯ ದಾಖಲೆಗಳಲ್ಲಿ ಇದು ಹೆಸರಾದದ್ದು.

ಆ ಅಂಕಿಗಳನ್ನು ಮುಂದೆ ಗೆರೆ ಹಾಕಿ ನೋಡಿದಾಗ ಒಂದು ಸಂಗತಿ ಕಂಡಿತು. ಹುಡುಗ ವರ್ಷಕ್ಕೆ ಇಷ್ಟು ಎಂದು ಸಮನಾಗಿ ಬೆಳೆದಿರಲಿಲ್ಲ. ಕೂಸಾಗಿದ್ದಾಗ ಭರದಿಂದ ಬೆಳೆದ, ಆಮೇಲೆ ನಿಧಾನವಾದ, ಹರೆಯಕ್ಕೆ ಬಂದಾಗ ಮತ್ತೆ ಜಿಗಿದ. ಇವತ್ತು ಎಲ್ಲ ಮಕ್ಕಳ ಬೆಳವಣಿಗೆಯೂ ಹೀಗೇ ಎಂದು ನಮಗೆ ಗೊತ್ತು. ಆದರೆ ಅದು ಕಂಡದ್ದು ಒಂದು ದಿನದ ಅಳತೆಯಿಂದ ಅಲ್ಲ, ಹದಿನೆಂಟು ವರ್ಷದ ಅಳತೆಯಿಂದ.

ಇದರಲ್ಲಿ ಮೊದಲ ಪಾಠ ಇದೆ. ಒಂದು ದಿನ ನೋಡಿ ತೀರ್ಪು ಕೊಡಬಾರದು. ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದಿಂದ ಗೆರೆ ಎಳೆದು ತಾರೀಖು ಬರೆದರೆ ನಿಮ್ಮ ಮಗುವೂ ಇದೇ ಕೆಲಸ ಮಾಡಬಹುದು. ಒಂದು ಎಚ್ಚರ ಇರಲಿ: ಯಾವಾಗಲೂ ಒಂದೇ ಹೊತ್ತಿಗೆ ಅಳೆಯಬೇಕು. ಬೆಳಿಗ್ಗೆ ಎದ್ದಾಗ ಎಲ್ಲರೂ ಸಂಜೆಗಿಂತ ತುಸು ಎತ್ತರ ಇರುತ್ತೇವೆ. ಅಳತೆಯ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದನ್ನು ಮಗು ಅಲ್ಲೇ ಕಲಿಯುತ್ತದೆ.

ಒಂದೇ ಮೈಯಲ್ಲಿ ನಾಲ್ಕು ಗಡಿಯಾರ

ಎರಡನೇ ಹೆಜ್ಜೆ ಇಟ್ಟವನು ಅಮೆರಿಕದ ಅಂಗರಚನಾ ವಿಜ್ಞಾನಿ ರಿಚರ್ಡ್ ಸ್ಕ್ಯಾಮನ್. 1930ರಲ್ಲಿ ಅವನು ಒಂದು ಚಿತ್ರ ಪ್ರಕಟಿಸಿದ. ಅದರಲ್ಲಿ ನಾಲ್ಕು ಗೆರೆಗಳಿದ್ದವು. ಮೈಯ ಎತ್ತರ ತೂಕದ ಗೆರೆ ಒಂದು, ಮಿದುಳಿನದು ಒಂದು, ರೋಗ ತಡೆಯುವ ಗ್ರಂಥಿಗಳದು ಒಂದು, ಸಂತಾನದ ಅಂಗಗಳದು ಒಂದು. ನಾಲ್ಕೂ ಬೇರೆ ಬೇರೆ ದಾರಿ ಹಿಡಿದಿದ್ದವು. ಮಿದುಳಿನ ಗಾತ್ರ ಆರೇಳು ವರ್ಷಕ್ಕೇ ದೊಡ್ಡವರ ಮಿದುಳಿನ ಹತ್ತಿರ ಬಂದಿರುತ್ತದೆ. ಆ ವಯಸ್ಸಿಗೆ ಮೈ ಅರ್ಧ ದಾರಿಯನ್ನೂ ಮುಟ್ಟಿರುವುದಿಲ್ಲ. ಸಂತಾನದ ಅಂಗಗಳು ಹನ್ನೆರಡು ವರ್ಷದ ಆಸುಪಾಸಿನವರೆಗೆ ಹೆಚ್ಚು ಕಡಿಮೆ ಸುಮ್ಮನೇ ಇರುತ್ತವೆ.

ಅಂದರೆ ಅಸಮ ಬೆಳವಣಿಗೆ ಶಾಣ್ಯಾ ಮಗುವಿಗೆ ಮಾತ್ರ ಬಂದದ್ದಲ್ಲ, ಎಲ್ಲರ ಮೈಯೂ ಹೀಗೇ ಬೆಳೆದದ್ದು.

ಕೈಯ ವಿಷಯ ಇನ್ನೂ ಸ್ಪಷ್ಟ. ನಮ್ಮ ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಹುಟ್ಟಿದ ಕೂಸಿನ ಎಕ್ಸ್‌ರೇ ತೆಗೆದರೆ ಅವು ಕಾಣುವುದೇ ಇಲ್ಲ, ಇನ್ನೂ ಮೃದ್ವಸ್ಥಿಯಾಗಿರುತ್ತವೆ, ಕಿವಿಯ ಹಾಗೆ ಮೆತ್ತಗೆ. ವರ್ಷಗಳು ಕಳೆದಂತೆ ಒಂದೊಂದಾಗಿ ಎಲುಬಾಗುತ್ತವೆ. ಎಂಟನೆಯದು ಎಲುಬಾಗಲು ಶುರುವಾಗುವುದು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ವರ್ಷದೊಳಗೆ. ಏಳು ವರ್ಷದ ಮಗು ತಲೆಯಲ್ಲಿ ಇಡೀ ಕಥೆ ಇಟ್ಟುಕೊಂಡು, ಇನ್ನೂ ತಯಾರಾಗುತ್ತಿರುವ ಕೈಯಿಂದ ಬರೆಯಲು ಕುಂತಿರುತ್ತದೆ. ಅಳು ಬಂದರೆ ಆಶ್ಚರ್ಯವೇನು?

ನಮ್ಮ ಕಡೆಯ ಮಗುವಿಗೆ ಇದನ್ನು ಹೊಲದಲ್ಲೇ ತೋರಿಸಬಹುದು. ಮುಂಗಾರು ಮಳೆಗೆ ಒಂದೇ ಹೊಲದಲ್ಲಿ ತೊಗರಿಯನ್ನೂ ಹೆಸರನ್ನೂ ಸಾಲು ಬಿಟ್ಟು ಬಿತ್ತುತ್ತೇವೆ. ಎರಡು, ಎರಡೂವರೆ ತಿಂಗಳಿಗೆ ಹೆಸರಿನ ರಾಶಿ ಮುಗಿಯುತ್ತದೆ. ಆ ಹೊತ್ತಿಗೆ ತೊಗರಿ ಹೂ ಕೂಡ ಬಿಟ್ಟಿರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಅದು ಮೇಲೆ ನಿಧಾನ, ಒಳಗೆ ಬೇರು ಇಳಿಸುತ್ತಿರುತ್ತದೆ. ಹೆಸರು ರಾಶಿ ಆದ ದಿನ ತೊಗರಿಗೆ ಕಾಯಿ ಬಂದಿಲ್ಲವೆಂದು ಅದನ್ನು ಕಿತ್ತು ಒಗೆಯುವ ರೈತ ಇಲ್ಲ. ಮಗುವಿನೊಳಗೂ ಹೆಸರಿನ ಸಾಲು ಇದೆ, ತೊಗರಿಯ ಸಾಲೂ ಇದೆ.

ಪ್ಯಾರಿಸ್ಸಿನಿಂದ ಧಾರವಾಡಕ್ಕೆ

ಮೈಯನ್ನು ಅಳೆದ ಹಾಗೆ ಬುದ್ಧಿಯನ್ನೂ ಅಳೆಯಬಹುದೇ ಎಂಬ ಪ್ರಶ್ನೆ ಅಷ್ಟರಲ್ಲಿ ಬಂದಿತ್ತು. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ, ತನ್ನ ಜೊತೆಗಾರ ಸಿಮೋನ್ ಜೊತೆ, ಮಕ್ಕಳಿಗೆ ಮೊದಲ ಬುದ್ಧಿ ಪರೀಕ್ಷೆ ತಯಾರಿಸಿದ. ಅವನ ಉದ್ದೇಶ ಸರಳ: ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಸಹಾಯ ಮಾಡುವುದು. 1908ರಲ್ಲಿ ಅವನು ಪ್ರಶ್ನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದ. ಐದು ವರ್ಷದ ಮಗು ಏಳು ವರ್ಷದವರ ಪ್ರಶ್ನೆ ಬಿಡಿಸಿದರೆ ಅದರ ಮಾನಸಿಕ ವಯಸ್ಸು ಏಳು. ಆಮೇಲೆ 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿದ. ಅಲ್ಲಿಂದ ಐಕ್ಯೂ ಎಂಬ ಒಂದೇ ಅಂಕಿ ಹುಟ್ಟಿತು.

ಈ ಪರೀಕ್ಷೆ ನಮ್ಮ ಭಾಷೆಗೂ ಬಂತು. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಧಾರವಾಡದಲ್ಲಿ ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ಪ್ಯಾರಿಸ್ಸಿನ ಮಗುವಿಗೆ ಕೇಳಿದ ಪ್ರಶ್ನೆಯನ್ನು ಹಾಗೇ ಅನುವಾದಿಸಿ ಧಾರವಾಡದ ಮಗುವಿಗೆ ಕೇಳಿದರೆ ಅದು ಬುದ್ಧಿಯ ಅಳತೆ ಆಗುವುದಿಲ್ಲ. ಇಲ್ಲಿಯ ಮಕ್ಕಳಿಗೇ ಕೊಟ್ಟು ನೋಡಿ, ಯಾವ ವಯಸ್ಸಿಗೆ ಯಾವುದು ಬರುತ್ತದೆ ಎಂದು ಹೊಸದಾಗಿ ಗೊತ್ತು ಮಾಡಬೇಕು. ಕಾಮತರು ಮಾಡಿದ್ದು ಆ ಕೆಲಸ. ಅವರ ಪುಸ್ತಕ 1940ರಲ್ಲಿ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಒಂದೇ ಅಂಕಿಯಿಂದ ಒಂದು ಅನುಕೂಲ, ಒಂದು ಅಪಾಯ. ಅನುಕೂಲ ಏನೆಂದರೆ ಹೋಲಿಕೆ ಸುಲಭ. ಅಪಾಯ ಏನೆಂದರೆ ಒಳಗಿನ ಏರುಪೇರು ಮುಚ್ಚಿಹೋಗುತ್ತದೆ. 1921ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಬುದ್ಧಿವಂತ ಮಕ್ಕಳನ್ನು ಆರಿಸುವ ದೊಡ್ಡ ಅಧ್ಯಯನ ಶುರು ಮಾಡಿದ. ಪರೀಕ್ಷೆ ಬರೆದರೂ ಅಂಕಿ ಸಾಲದೆ ಹೊರಗುಳಿದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್, ಮುಂದೆ 1956 ಮತ್ತು 1968ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದರು.

ಹೀಗಾಗಿ ತಿಳಿದವರು ಒಟ್ಟು ಅಂಕಿಗೆ ನಿಲ್ಲುವುದಿಲ್ಲ. ಬಿನೆ-ಕಾಮತ್ ಪರೀಕ್ಷೆಯ ಫಲಿತಾಂಶವನ್ನೂ ಭಾಷೆ, ನೆನಪು, ಲೆಕ್ಕದ ತರ್ಕ, ಸಾಮಾಜಿಕ ತಿಳಿವಳಿಕೆ ಎಂದು ಬಿಡಿಸಿ ನೋಡುವ ರೂಢಿ ಇದೆ. ಬಿಡಿಸಿ ನೋಡಿದಾಗಲೇ ಮಗು ಎಲ್ಲಿ ಮುಂದೆ, ಎಲ್ಲಿ ವಯಸ್ಸಿಗೆ ತಕ್ಕಂತೆ, ಎಲ್ಲಿ ಹಿಂದೆ ಎಂದು ಗೊತ್ತಾಗುವುದು.

ಅಳುವಿನ ಕಾರಣ ಹುಡುಕಿದವಳು

ಶಾಣ್ಯಾ ಮಗುವಿನ ಅಳುವನ್ನು ಗಂಭೀರವಾಗಿ ತೆಗೆದುಕೊಂಡವಳು ಲೀಟಾ ಹಾಲಿಂಗ್‌ವರ್ತ್. 1886ರಲ್ಲಿ ಅಮೆರಿಕದ ನೆಬ್ರಾಸ್ಕಾದ ಹಳ್ಳಿಗಾಡಿನಲ್ಲಿ ಹುಟ್ಟಿದವಳು. ನ್ಯೂಯಾರ್ಕಿನಲ್ಲಿ ಅತಿ ಬುದ್ಧಿವಂತ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಳು. ದೊಡ್ಡವರ ಹಾಗೆ ಯೋಚಿಸುವ ತಲೆ, ಮಗುವಿನ ಮನಸ್ಸು, ಮಗುವಿನ ಮೈ, ಈ ಮೂರೂ ಒಂದೇ ಕಡೆ ಇದ್ದರೆ ಕಷ್ಟ ಆಗಿಯೇ ಆಗುತ್ತದೆ ಎಂಬುದು ಅವಳು ಕಂಡುಕೊಂಡ ವಿಷಯ. ಸಾವಿನ ಬಗ್ಗೆ, ಅನ್ಯಾಯದ ಬಗ್ಗೆ ಮಗುವಿಗೆ ಪ್ರಶ್ನೆ ಹುಟ್ಟುತ್ತದೆ, ಅದನ್ನು ತಡೆದುಕೊಳ್ಳುವ ಮನಸ್ಸು ಇನ್ನೂ ಬಲಿತಿರುವುದಿಲ್ಲ. ಅವಳು 1939ರಲ್ಲಿ ತೀರಿಕೊಂಡಳು, ಆಕೆಯ ಮುಖ್ಯ ಪುಸ್ತಕ 1942ರಲ್ಲಿ ಬಂತು. 1991ರಲ್ಲಿ ಅಮೆರಿಕದ ಕೊಲಂಬಸ್ ನಗರದಲ್ಲಿ ಸೇರಿದ ಕೆಲವು ಪೋಷಕರು ಮತ್ತು ತಜ್ಞರು ಇದೇ ವಿಚಾರಕ್ಕೆ ಅಸಿಂಕ್ರನಸ್ ಡೆವಲಪ್‌ಮೆಂಟ್ ಎಂಬ ಹೆಸರು ಕೊಟ್ಟರು. ನಾವು ಅಸಮ ಬೆಳವಣಿಗೆ ಎನ್ನುತ್ತಿರುವುದು ಇದನ್ನೇ.

ನಮ್ಮವರ ಒಂದು ಉದಾಹರಣೆ ಕೊಡುತ್ತೇವೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರ ಮಗಳು. ಶಾಲೆಯ ಓದು ಆಗಲಿಲ್ಲ. 1980ರ ಜೂನ್ 18ರಂದು ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ಹೇಳಿದರು. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದ. 6,16,29,875ರ ಘನಮೂಲ ಕೇಳಿದರೆ, ಅವನು ಸಂಖ್ಯೆ ಬರೆದುಕೊಳ್ಳುವ ಮೊದಲೇ 395 ಎಂದು ಉತ್ತರ ಬಂತು. ನಿಮ್ಮ ಫೋನಿನಲ್ಲಿ 395ನ್ನು ಮೂರು ಸಲ ಗುಣಿಸಿ ನೋಡಿ.

ಆಮೇಲೆ ಜೆನ್ಸನ್ ಬೇರೆ ಪರೀಕ್ಷೆ ಮಾಡಿದ. ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸಣ್ಣ ಸಣ್ಣ ಕೆಲಸಗಳು. ಮಿದುಳೇ ಎಲ್ಲದರಲ್ಲೂ ವೇಗವಾಗಿದ್ದರೆ ಇಲ್ಲೂ ವೇಗ ಕಾಣಬೇಕಿತ್ತು. ಕಾಣಲಿಲ್ಲ. ಅಂಥ ಕೆಲಸಗಳಲ್ಲಿ ಅವರ ವೇಗದಲ್ಲಿ ವಿಶೇಷವೇನೂ ಇರಲಿಲ್ಲ ಎಂದು ಅವನು 1990ರಲ್ಲಿ ಬರೆದ. ಜಗತ್ತೇ ಮಾನವ ಕಂಪ್ಯೂಟರ್ ಎಂದು ಕರೆದವರಲ್ಲೂ ಒಂದು ಸಾಲು ಆಕಾಶಕ್ಕೆ, ಇನ್ನೊಂದು ಸಾಲು ಎಲ್ಲರ ಮಟ್ಟಕ್ಕೆ ಇತ್ತು. ಇದರಿಂದ ಅವರ ಪ್ರತಿಭೆ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಮಗುವಿನ ಕೈಗೆ ಒಂದು ನೋಟ್‌ಬುಕ್ಕು

ಈಗ "ನನಗ ಏನೂ ಬರಂಗಿಲ್ಲ" ಎನ್ನುವ ಮಗುವಿನ ಹತ್ತಿರ ಬರೋಣ. ಆ ಮಾತನ್ನು ಅಲ್ಲಗಳೆಯಬೇಡಿ, ಬೈಯಬೇಡಿ. "ಇದು ನಿನ್ನ ಊಹೆ. ನಡಿ, ಖರೇ ಅದನೋ ಇಲ್ಲೋ ನೋಡೂಣು" ಎನ್ನಿ. ವಿಜ್ಞಾನಿಗಳೂ ಊಹೆಯಿಂದಲೇ ಶುರು ಮಾಡುವುದು. "ಏನೂ" ಬರುವುದಿಲ್ಲ ಎಂಬ ಊಹೆ ಬೀಳಲು ಬರುವಂಥದ್ದು ಒಂದೇ ಒಂದು ಸಿಕ್ಕರೆ ಸಾಕು.

ಒಂದು ನೋಟ್‌ಬುಕ್ಕಿನಲ್ಲಿ ಆರು ಸಾಲು ಹಾಕಿಸಿ: ಓದು, ಬಾಯಿಲೆಕ್ಕ, ಬರವಣಿಗೆ, ಓಟ, ಗೆಳೆಯರ ಜೊತೆ ಆಟ, ಸಿಟ್ಟು ಇಳಿಸಿಕೊಳ್ಳುವುದು. ಪ್ರತಿಯೊಂದಕ್ಕೂ ಅಳತೆ ಬೇರೆ. ಬರವಣಿಗೆಗೆ, ಒಂದೇ ವಾಕ್ಯವನ್ನು ಒಂದು ನಿಮಿಷದಲ್ಲಿ ಎಷ್ಟು ಪದ ಬರೆದೆ ಎಂದು. ಸಿಟ್ಟಿಗೆ, ಸಮಾಧಾನವಾಗಲು ಎಷ್ಟು ನಿಮಿಷ ಹಿಡಿಯಿತು ಎಂದು. ತಿಂಗಳಿಗೊಮ್ಮೆ, ಅದೇ ಹೊತ್ತಿಗೆ. ಅಳೆಯುವ ಮೊದಲು ಈ ಸಲ ಎಷ್ಟಾಗಬಹುದು ಎಂದು ಮಗುವೇ ಊಹಿಸಿ ಬರೆಯಲಿ.

ಆಮೇಲೆ ಪ್ರಯೋಗ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಒಂದು ತಿಂಗಳು ದಪ್ಪ ಪೆನ್ಸಿಲ್. ಇನ್ನೊಂದು ತಿಂಗಳು ನೆಲದ ಬದಲು ಮಣೆ ಮೇಲೆ ಇಟ್ಟು ಬರೆಯುವುದು. ಮತ್ತೊಂದು ತಿಂಗಳು ಮೊದಲು ಬಾಯಿಂದ ಉತ್ತರ ಹೇಳಿ ಆಮೇಲೆ ಬರೆಯುವುದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು ಎಂದು ತಿಳಿಯುವುದಿಲ್ಲ. ಹೊಸ ಗೊಬ್ಬರ ತಂದಾಗ ಹೊಲದ ಒಂದು ಪಟ್ಟಿಗೆ ಮಾತ್ರ ಹಾಕಿ ನೋಡುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನೋಟ್‌ಬುಕ್ಕು ಮಗುವಿನದೇ ಆಗಿರಲಿ. ಅಣ್ಣ ತಮ್ಮಂದಿರ ಜೊತೆ ಹೋಲಿಸಬಾರದು, ಬಂದವರಿಗೆ ತೋರಿಸಬಾರದು. ಮಗು ತನ್ನ ಜನವರಿಯನ್ನು ತನ್ನ ಜೂನಿನ ಜೊತೆ ಹೋಲಿಸಲಿ. ಆರು ತಿಂಗಳಿಗೆ ಆರು ಗೆರೆಗಳು ಆರು ದಾರಿ ಹಿಡಿದದ್ದು ಕಂಡರೆ, ಸ್ಕ್ಯಾಮನ್ ಕಂಡದ್ದನ್ನು ಅದು ತನ್ನಲ್ಲೇ ಕಂಡ ಹಾಗೆ.

ಶಾಲೆಯ ಗುರುಗಳಿಗೆ ನಮ್ಮ ವಿನಂತಿ ಒಂದೇ: ಮಗುವಿಗೆ ಗೊತ್ತಿದೆಯೇ ಎಂದು ನೋಡುವಾಗ ಬಾಯಿಂದ ಕೇಳಿ, ಬರವಣಿಗೆಯನ್ನು ಬೇರೆಯಾಗಿ ಕಲಿಸಿ. ಇಂಥ ಮಗುವನ್ನು ಎರಡು ತರಗತಿ ಮೇಲಕ್ಕೆ ಕೂಡಿಸಿದರೆ ತಲೆಗೆ ಸರಿಹೋಗಬಹುದು, ಕೈಗೂ ಆಟಕ್ಕೂ ಕಷ್ಟವಾಗಬಹುದು. ಲೆಕ್ಕದ ಹೊತ್ತಿಗೆ ಮಾತ್ರ ಮೇಲಿನ ತರಗತಿಗೆ ಕಳಿಸುವುದೂ ಒಂದು ದಾರಿ.

ಒಂದು ಎಚ್ಚರವನ್ನೂ ಹೇಳಬೇಕು. ಎಲ್ಲ ಹಿಂದುಳಿಕೆಯೂ ಕಾಲ ಕಳೆದಂತೆ ತಾನೇ ಸರಿಹೋಗುವುದಿಲ್ಲ. ನೋಟ್‌ಬುಕ್ಕಿನ ಒಂದು ಗೆರೆ ತಿಂಗಳುಗಟ್ಟಲೆ ಅಲ್ಲಾಡದಿದ್ದರೆ, ಮೂರನೇ ತರಗತಿ ದಾಟಿದರೂ ಮಗು ಅಕ್ಷರ ಕೂಡಿಸಿ ಓದಲು ಒದ್ದಾಡುತ್ತಿದ್ದರೆ, ಮೊದಲು ಕಣ್ಣು ಕಿವಿ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ, ಅಂಗನವಾಡಿಗೆ ಬಂದಾಗ ಕೇಳಿ. ಶಾಣ್ಯಾ ಮಗುವಿಗೂ ಕಲಿಕಾ ನ್ಯೂನತೆ ಇರಬಹುದು, ಒಂದು ಇನ್ನೊಂದನ್ನು ಮುಚ್ಚಿಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅಲ್ಲಾಡದ ಗೆರೆಯ ದಾಖಲೆ ನಿಮ್ಮ ಕೈಯಲ್ಲಿದ್ದರೆ ಡಾಕ್ಟರಿಗೂ ಕೆಲಸ ಸುಲಭ.

ತಾಲ್ಲೂಕಿನ ನೋಟ್‌ಬುಕ್ಕು

ಇಷ್ಟು ಕಲಿತ ಮಗು ಒಂದು ದಿನ ಇನ್ನೊಂದು ಪ್ರಶ್ನೆ ಕೇಳಿಯೇ ಕೇಳುತ್ತದೆ: "ನಮ್ಮ ತಾಲ್ಲೂಕಿಗೆ ಯಾಕ ಹಿಂದುಳಿದದ್ದು ಅಂತಾರ?" ನಿಜಾಮರ ಕಾಲದಲ್ಲಿ ಅಂದೋಲಾ ಎಂಬುದು ಒಂದು ತಾಲ್ಲೂಕಿನ ಹೆಸರಾಗಿತ್ತು. ಇವತ್ತು ಅದು ಜೇವರ್ಗಿ ತಾಲ್ಲೂಕಿನೊಳಗಿನ ಊರು. ಪ್ರಶ್ನೆಗೆ ಉತ್ತರ ಕೊಡಲು ಇಲ್ಲೂ ಒಬ್ಬರು ಅಳತೆ ಮಾಡಿದ್ದಾರೆ.

ಅರ್ಥಶಾಸ್ತ್ರಜ್ಞ ಡಿ. ಎಂ. ನಂಜುಂಡಪ್ಪ ಅವರ ಸಮಿತಿಯನ್ನು ಸರ್ಕಾರ ನೇಮಿಸಿದ್ದು 2000ದಲ್ಲಿ, ವರದಿ ಬಂದದ್ದು 2002ರಲ್ಲಿ. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆಸ್ಪತ್ರೆ ಹೀಗೆ 35 ಸೂಚಕಗಳನ್ನು ಇಟ್ಟುಕೊಂಡು ಆಗಿನ 175 ತಾಲ್ಲೂಕುಗಳನ್ನು ಅಳೆದರು. 114 ಹಿಂದುಳಿದವು ಎಂದಾಯಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರಲ್ಲಿವೆ.

ಮಗುವಿಗೆ ಇಲ್ಲಿ ಒಂದು ಹೋಲಿಕೆ ಸಿಗುತ್ತದೆ. ಐಕ್ಯೂ ಹಾಗೆ ಹಿಂದುಳಿದ ತಾಲ್ಲೂಕು ಎಂಬುದೂ ಒಂದು ಒಟ್ಟು ಅಂಕಿ. ಅದನ್ನು ಬಿಡಿಸಿದರೆ ಒಳಗೆ 35 ಸಾಲುಗಳಿವೆ. ಯಾವುದರಲ್ಲಿ ಎಷ್ಟು ಹಿಂದೆ ಎಂದು ನೋಡಿದರೆ ಏನು ಮಾಡಬೇಕು ಎಂದು ತಿಳಿಯುತ್ತದೆ. ತಾಲ್ಲೂಕು ಹಿಂದುಳಿದಿದೆ ಎಂದರೆ ಇಲ್ಲಿಯ ಜನರ ತಲೆ ಹಿಂದುಳಿದಿದೆ ಎಂಬ ಅರ್ಥ ಆ 35ರಲ್ಲಿ ಎಲ್ಲೂ ಇಲ್ಲ.

ಆದರೆ ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದು ಕೇಳುವುದೂ ವೈಜ್ಞಾನಿಕ ಯೋಚನೆಯೇ. ಮಗುವಿನ ಮಣಿಕಟ್ಟಿನ ಎಂಟನೇ ಎಲುಬು ತನ್ನ ಕಾಲಕ್ಕೆ ತಾನೇ ಗಟ್ಟಿಯಾಗುತ್ತದೆ. ತಾಲ್ಲೂಕಿನ ಖಾಲಿ ಇರುವ ಶಿಕ್ಷಕರ ಹುದ್ದೆ ಕಾಲ ಕಳೆದ ಮಾತ್ರಕ್ಕೆ ತುಂಬುವುದಿಲ್ಲ. ಅದಕ್ಕೆ ಹಣ ಬೇಕು, ತೀರ್ಮಾನ ಬೇಕು, ಕೇಳುವವರು ಬೇಕು. 2012ರಲ್ಲಿ ಸಂಸತ್ತು ಒಪ್ಪಿದ 371(ಜೆ) ವಿಧಿ ನಮ್ಮ ಭಾಗಕ್ಕೆ ಬಂದದ್ದು ವರ್ಷಗಟ್ಟಲೆ ಜನ ಕೇಳಿದ್ದರಿಂದ.

ಹೀಗೆ ನಮ್ಮ ಕಡೆಯ ಶಾಣ್ಯಾ ಮಗು ಎರಡು ಅಸಮತೆಗಳ ನಡುವೆ ಬೆಳೆಯುತ್ತದೆ. ಒಂದು ಅದರ ಒಳಗಿನದು, ಅದಕ್ಕೆ ಬೇಕಾದದ್ದು ಅಳತೆ, ಅಭ್ಯಾಸ, ತಾಳ್ಮೆ. ಇನ್ನೊಂದು ಅದರ ಸುತ್ತ ಇರುವುದು, ಅದಕ್ಕೆ ತಾಳ್ಮೆ ಒಂದೇ ಸಾಲದು. ಮೊದಲನೆಯದರ ನೋಟ್‌ಬುಕ್ಕನ್ನು ಮಗು ಬರೆಯಲಿ. ಎರಡನೆಯದನ್ನು ಬರೆಯುವ ಕೆಲಸ ನಮ್ಮ ನಿಮ್ಮಂಥ ದೊಡ್ಡವರದು. ನಿಮ್ಮೂರ ಶಾಲೆಯಲ್ಲಿ ಎಷ್ಟು ಹುದ್ದೆ, ಎಷ್ಟು ಖಾಲಿ ಎಂಬುದನ್ನು ಮೊದಲ ಸಾಲಾಗಿ ಈ ವಾರವೇ ಬರೆದುಕೊಳ್ಳಿ.